ಕ್ರಿಸ್ಮಸ್ ದ್ವೀಪದ ಸೈನಿಕರು: 70 ವರ್ಷ ಕಾದು ಸಿಕ್ಕ ಒಂದು ಪದಕ



ಕಳೆದ ಡಿಸೆಂಬರಿನಲ್ಲಿ ಇಗರ್ಜಿಯ ಅಂಗಳದಲ್ಲಿ ಗೋದಲಿ ಕಟ್ಟುತ್ತಾ ನಮ್ಮ ಯುವಕೂಟದವರು ಕ್ರಿಸ್ಮಸ್ ರಸಪ್ರಶ್ನೆಗೆ ಪ್ರಶ್ನೆಗಳನ್ನು ಹುಡುಕುತ್ತಿದ್ದೆವು. "ಕ್ರಿಸ್ಮಸ್ ದ್ವೀಪ ಎಲ್ಲಿದೆ?" ಎಂಬ ಪ್ರಶ್ನೆಯನ್ನು ಒಬ್ಬರು ಬರೆದಿಟ್ಟರು. ಉತ್ತರ ನೋಡಲು ಹೋದರೆ ಆ ಹೆಸರಿನ ದ್ವೀಪಗಳು ಎರಡು ಸಿಕ್ಕವು. ಒಂದು ಹಿಂದೂ ಮಹಾಸಾಗರದಲ್ಲಿದೆ, ಆಸ್ಟ್ರೇಲಿಯಕ್ಕೆ ಸೇರಿದ್ದು. ಇನ್ನೊಂದು ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಗೆ ಹತ್ತಿರದಲ್ಲಿ, ಕಿರಿಬಾಟಿ ಎಂಬ ಪುಟ್ಟ ದೇಶದಲ್ಲಿದೆ. ಆ ಎರಡನೆಯ ದ್ವೀಪದ ಬಗ್ಗೆ ಓದುತ್ತಾ ಹೋದಂತೆ ರಸಪ್ರಶ್ನೆ ಮರೆತೇ ಹೋಯಿತು. ಅಲ್ಲಿ ಹೈಡ್ರೋಜನ್ ಬಾಂಬುಗಳನ್ನು ಸ್ಫೋಟಿಸಿದ್ದರು. ನಮ್ಮದೇ ವಯಸ್ಸಿನ ಸಾವಿರಾರು ಹುಡುಗರನ್ನು ಆ ಸ್ಫೋಟಗಳ ಎದುರು ಸಾಲಾಗಿ ಕೂರಿಸಿದ್ದರು. ಅವರು ನ್ಯಾಯ ಕೇಳುತ್ತಾ ಮುದುಕರಾದರು, ಹಲವರು ಕೇಳುತ್ತಲೇ ತೀರಿಹೋದರು. ಆ ಚರಿತ್ರೆಯನ್ನು ನಾವು ಓದಿ ತಿಳಿದುಕೊಂಡಷ್ಟು ಇಲ್ಲಿ ಹೇಳುತ್ತೇವೆ.

ಹೆಸರು ಬಂದದ್ದು ಹೀಗೆ

1777ರ ಡಿಸೆಂಬರ್ 24ರಂದು ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಈ ದ್ವೀಪಕ್ಕೆ ಬಂದ. ಕ್ರಿಸ್ಮಸ್ ಹಬ್ಬವನ್ನು ಅಲ್ಲಿಯೇ ಕಳೆದುದರಿಂದ ಕ್ರಿಸ್ಮಸ್ ದ್ವೀಪ ಎಂದು ಹೆಸರಿಟ್ಟ. ಈಗ ಅದನ್ನು 'ಕಿರಿಟಿಮಾಟಿ' ಎಂದು ಬರೆಯುತ್ತಾರೆ. ಅದು ಬೇರೆ ಹೆಸರೇನಲ್ಲ. ಕಿರಿಬಾಟಿ ಭಾಷೆಯ ಬರವಣಿಗೆಯಲ್ಲಿ 'ಸ' ಅಕ್ಷರವಿಲ್ಲ, 'ಟಿ' ಎಂದು ಬರೆದುದನ್ನೇ 'ಸ' ಎಂದು ಓದುತ್ತಾರೆ. ಹಾಗಾಗಿ ಕಿರಿಟಿಮಾಟಿ ಎಂದರೆ ಕ್ರಿಸ್ಮಸ್ ಎಂದೇ ಅರ್ಥ. ದೇಶದ ಹೆಸರನ್ನೂ ಅಲ್ಲಿನವರು ಕಿರಿಬಾಸ್ ಎಂದು ಹೇಳುತ್ತಾರೆ. ಹವಳದ ದಿಬ್ಬ, ತೆಂಗಿನ ತೋಟ, ಕಡಲ ಹಕ್ಕಿಗಳು, ನೆಲದ ಮೇಲೆ ಓಡಾಡುವ ಏಡಿಗಳು ಇರುವ ನಾಡು ಅದು. ನಮ್ಮ ಕರಾವಳಿಯವರಿಗೆ ನೋಡಿದ ಕೂಡಲೇ ಪರಿಚಿತ ಅನಿಸುವಂಥದ್ದು.

ಬ್ರಿಟನ್ ಅಲ್ಲಿಗೆ ಏಕೆ ಹೋಯಿತು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಅಣುಬಾಂಬ್ ತಯಾರಿಸಿದಾಗ ಬ್ರಿಟಿಷ್ ವಿಜ್ಞಾನಿಗಳೂ ಜೊತೆಗಿದ್ದರು. ಆದರೆ 1946ರಲ್ಲಿ ಅಮೆರಿಕ ತನ್ನ ಪರಮಾಣು ರಹಸ್ಯಗಳನ್ನು ಬೇರೆಯವರಿಗೆ ಕೊಡಬಾರದೆಂದು ಕಾನೂನು ಮಾಡಿತು. ಬ್ರಿಟನ್ ತನ್ನದೇ ಬಾಂಬ್ ಮಾಡಲು ಹೊರಟಿತು. ಪರೀಕ್ಷೆ ಮಾಡಲು ಜನರಿಲ್ಲದ ದೊಡ್ಡ ಜಾಗ ಬೇಕಾಗಿತ್ತು. ಅಂಥ ಜಾಗ ತನ್ನ ನಾಡಿನಲ್ಲಿ ಇರಲಿಲ್ಲವಾದ್ದರಿಂದ ಆಸ್ಟ್ರೇಲಿಯವನ್ನು ಕೇಳಿತು. ಅಲ್ಲಿನ ಪ್ರಧಾನಿ ರಾಬರ್ಟ್ ಮೆಂಜಿಸ್ ತಮ್ಮ ಮಂತ್ರಿಮಂಡಲವನ್ನು ಕೇಳದೆಯೇ ಒಪ್ಪಿಗೆ ಕೊಟ್ಟರು.

1952ರ ಅಕ್ಟೋಬರ್ 3ರಂದು ಆಸ್ಟ್ರೇಲಿಯದ ಪಶ್ಚಿಮ ತೀರದ ಮಾಂಟೆ ಬೆಲ್ಲೊ ದ್ವೀಪಗಳಲ್ಲಿ ಬ್ರಿಟನ್ನಿನ ಮೊದಲ ಬಾಂಬ್ ಸಿಡಿಯಿತು. ಆಮೇಲೆ 1953ರಲ್ಲಿ ಎಮು ಫೀಲ್ಡ್, 1956 ಮತ್ತು 57ರಲ್ಲಿ ಮರಲಿಂಗಾ ಎಂಬ ಒಣನೆಲದ ಸರದಿ. ಆಸ್ಟ್ರೇಲಿಯದಲ್ಲಿ ಒಟ್ಟು 12 ದೊಡ್ಡ ಸ್ಫೋಟಗಳು ನಡೆದವು. ಹೈಡ್ರೋಜನ್ ಬಾಂಬ್ ಇನ್ನೂ ಭಾರಿಯಾದುದರಿಂದ ಅದಕ್ಕೆ ಪೆಸಿಫಿಕ್ ಸಾಗರವನ್ನು ಆರಿಸಿಕೊಂಡರು. 1957 ಮತ್ತು 58ರಲ್ಲಿ ಮಾಲ್ಡನ್ ದ್ವೀಪದ ಬಳಿ ಮೂರು, ಕ್ರಿಸ್ಮಸ್ ದ್ವೀಪದಲ್ಲಿ ಆರು ಸ್ಫೋಟಗಳು ನಡೆದವು. ಈ ಕಾರ್ಯಾಚರಣೆಗೆ 'ಗ್ರ್ಯಾಪಲ್' ಎಂದು ಹೆಸರು. 1958ರ ಏಪ್ರಿಲ್ 28ರ 'ಗ್ರ್ಯಾಪಲ್ ವೈ' ಬ್ರಿಟನ್ ಇದುವರೆಗೆ ಸ್ಫೋಟಿಸಿದ ಬಾಂಬುಗಳಲ್ಲೇ ದೊಡ್ಡದು, ಸುಮಾರು 3 ಮೆಗಾಟನ್. ಹಿರೋಶಿಮಾದ ಬಾಂಬ್ ಸುಮಾರು 15 ಕಿಲೋಟನ್ ಆಗಿತ್ತು. ಲೆಕ್ಕ ಹಾಕಿದರೆ ಇದು ಅಂಥ 200 ಬಾಂಬುಗಳಿಗೆ ಸಮ.

1962ರಲ್ಲಿ ಬ್ರಿಟನ್ ಇದೇ ದ್ವೀಪವನ್ನು ಅಮೆರಿಕಕ್ಕೂ ಬಿಟ್ಟುಕೊಟ್ಟಿತು. ಅಮೆರಿಕ ಅಲ್ಲಿ 24 ಸ್ಫೋಟಗಳನ್ನು ನಡೆಸಿತು.

ಬೆನ್ನು ತಿರುಗಿಸಿ ಕುಳಿತವರು

ಈ ಪರೀಕ್ಷೆಗಳಲ್ಲಿ ಸುಮಾರು 22,000 ಬ್ರಿಟಿಷ್ ಸೈನಿಕರು ಭಾಗವಹಿಸಿದರು. ಆಸ್ಟ್ರೇಲಿಯದವರು, ನ್ಯೂಜಿಲೆಂಡಿನವರು ಮತ್ತು ಫಿಜಿ ದ್ವೀಪದವರೂ ಇದ್ದರು. ಆಗ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಇತ್ತು. ಹೀಗಾಗಿ ಇವರಲ್ಲಿ ಬಹಳ ಮಂದಿ 18ರಿಂದ 20 ವರ್ಷದ ಹುಡುಗರು. ಊರು ಬಿಟ್ಟು ಹೊರಗೆ ಹೋಗದವರಿಗೆ ಬಿಸಿಲು, ತೆಂಗು, ನೀಲಿ ಕಡಲು ಇರುವ ದ್ವೀಪಕ್ಕೆ ಹೋಗುವ ಅವಕಾಶ. ಖುಷಿಯಿಂದಲೇ ಹೋದರು ಎಂದು ಹಲವರು ಆಮೇಲೆ ನೆನಪಿಸಿಕೊಂಡಿದ್ದಾರೆ. ರಸ್ತೆ ಮಾಡುವುದು, ವಿಮಾನದ ಓಡುದಾರಿ ಹಾಕುವುದು, ಅಡುಗೆ, ಬಟ್ಟೆ ಒಗೆತ ಇಂಥ ಕೆಲಸಗಳು.

ಸ್ಫೋಟದ ದಿನ ಏನಾಯಿತು ಎಂಬುದನ್ನು ನೂರಾರು ಮಂದಿ ಹೇಳಿದ್ದಾರೆ. ಅವರ ಮಾತುಗಳು ಒಂದಕ್ಕೊಂದು ಹೋಲುತ್ತವೆ. ಬೆಳಿಗ್ಗೆ ಬೇಗ ಎಬ್ಬಿಸಿ ಕಡಲ ದಂಡೆಗೆ ಕರೆದುಕೊಂಡು ಹೋದರು. ಬಾಂಬಿನ ಕಡೆಗೆ ಬೆನ್ನು ಹಾಕಿ ನೆಲದ ಮೇಲೆ ಕೂರಲು ಹೇಳಿದರು. ಕಣ್ಣು ಮುಚ್ಚಿ, ಅಂಗೈಗಳಿಂದ ಕಣ್ಣನ್ನು ಒತ್ತಿ ಹಿಡಿಯಬೇಕು. ಧ್ವನಿವರ್ಧಕದಲ್ಲಿ ಎಣಿಕೆ ಶುರುವಾಯಿತು. ಸೊನ್ನೆಗೆ ಬಂದಾಗ ಮುಚ್ಚಿದ ಕಣ್ಣಿನ ಒಳಗೇ ಬೆಳಕು ತುಂಬಿತು. ಎಕ್ಸ್‌ರೇ ಚಿತ್ರದಲ್ಲಿ ಕಾಣುವಂತೆ ತಮ್ಮದೇ ಕೈಯ ಎಲುಬುಗಳು ಕಂಡವು. ಬೆನ್ನ ಹಿಂದೆ ಯಾರೋ ಬೆಂಕಿ ಹಿಡಿದು ಹಾದುಹೋದಂತೆ ಬಿಸಿ ತಟ್ಟಿತು. ಕೆಲವು ಕ್ಷಣಗಳ ನಂತರ ಎದ್ದು ತಿರುಗಿ ನೋಡಲು ಅಪ್ಪಣೆಯಾಯಿತು. ಆಮೇಲೆ ಗಾಳಿಯ ಹೊಡೆತ ಬಂದು ಹಲವರನ್ನು ಬೀಳಿಸಿತು. ಸುಟ್ಟ ರೆಕ್ಕೆಯ, ಕುರುಡಾದ ಹಕ್ಕಿಗಳನ್ನು ನೋಡಿದ್ದಾಗಿ ಅನೇಕರು ಹೇಳಿದ್ದಾರೆ. ಬಹಳ ಮಂದಿಯ ಮೈಮೇಲೆ ಇದ್ದದ್ದು ಸಾಮಾನ್ಯ ಬಟ್ಟೆ. ವಿಕಿರಣ ಅಳೆಯುವ ಬಿಲ್ಲೆಯನ್ನೂ ಎಲ್ಲರಿಗೂ ಕೊಟ್ಟಿರಲಿಲ್ಲ. ನಂತರದ ದಿನಗಳಲ್ಲಿ ಅದೇ ಕಡಲಲ್ಲಿ ಈಜಿದರು, ಅಲ್ಲಿನ ಮೀನು ತಿಂದರು.

ದ್ವೀಪದಲ್ಲಿ ತೆಂಗಿನ ತೋಟದ ಕೆಲಸಕ್ಕೆಂದು ಬಂದಿದ್ದ ಕಿರಿಬಾಟಿಯ ಕುಟುಂಬಗಳೂ ಇದ್ದವು. ಕೆಲವು ಪರೀಕ್ಷೆಗಳ ವೇಳೆ ಅವರನ್ನು ಹಡಗಿನ ಒಳಗೆ ಕೂರಿಸಿದರು. ಅವರ ಕಥೆಯನ್ನು ಬಹಳ ಕಾಲ ಯಾರೂ ಕೇಳಲೇ ಇಲ್ಲ.

1953ರ ಮೇ ತಿಂಗಳ ಒಂದು ಬ್ರಿಟಿಷ್ ರಕ್ಷಣಾ ಕಡತ ಆಮೇಲೆ ಹೊರಬಂತು. ಸ್ಫೋಟಗಳಿಂದ ಸಲಕರಣೆ, ಸರಕುಗಳ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದರ ಜೊತೆಗೆ, ರಕ್ಷಣೆ ಇರುವ ಮತ್ತು ಇಲ್ಲದ ಮನುಷ್ಯರ ಮೇಲೆ ಏನಾಗುತ್ತದೆ ಎಂಬುದನ್ನೂ ಸೇನೆ ತಿಳಿದುಕೊಳ್ಳಬೇಕು ಎಂದು ಅದರಲ್ಲಿ ಬರೆದಿದೆ. ತಮ್ಮನ್ನು ಪ್ರಯೋಗದ ಪ್ರಾಣಿಗಳಂತೆ ಬಳಸಿದರು ಎಂದು ಸೈನಿಕರು ಹೇಳುವಾಗ ಈ ಕಡತವನ್ನೇ ತೋರಿಸುತ್ತಾರೆ. ಸರ್ಕಾರ ಅದನ್ನು ಒಪ್ಪುವುದಿಲ್ಲ. ಸುರಕ್ಷತೆಗೆ ಬೇಕಾದ ಕ್ರಮ ತೆಗೆದುಕೊಂಡಿದ್ದೆವು, ಬಾಂಬುಗಳು ಎತ್ತರದಲ್ಲಿ ಸಿಡಿದುದರಿಂದ ವಿಕಿರಣದ ಧೂಳು ಕಡಿಮೆ, ಹೆಚ್ಚಿನವರಿಗೆ ತಟ್ಟಿದ ಪ್ರಮಾಣ ಅತ್ಯಲ್ಪ ಎಂಬುದು ಅದರ ವಾದ.

ಮರಲಿಂಗಾದ ಜನ

ಆಸ್ಟ್ರೇಲಿಯದ ಆ 'ಖಾಲಿ' ನೆಲ ನಿಜವಾಗಿ ಖಾಲಿಯಾಗಿರಲಿಲ್ಲ. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿ ನಡೆದಾಡುತ್ತಿದ್ದರು. ನೀರಿನ ಜಾಗಗಳು, ಪೂಜ್ಯ ಸ್ಥಳಗಳು ಅವರಿಗೆ ಗೊತ್ತಿದ್ದವು. 1952ರಲ್ಲಿ ಊಲ್ಡಿಯಾ ಎಂಬಲ್ಲಿದ್ದ ಮಿಷನ್ ಮುಚ್ಚಿತು. ಜನರನ್ನು ದಕ್ಷಿಣಕ್ಕೆ, ಯಲಾಟಾ ಎಂಬಲ್ಲಿನ ಲೂಥರನ್ ಮಿಷನ್ನಿಗೆ ಸಾಗಿಸಿದರು. ತಮ್ಮ ನೆಲಕ್ಕೆ ಮರಳುವ ದಾರಿ ಅವರಿಗೆ ಮುಚ್ಚಿಹೋಯಿತು. ಆದರೂ ಕೆಲವರು ಹಳೆಯ ದಾರಿಗಳಲ್ಲಿ ನಡೆಯುತ್ತಲೇ ಇದ್ದರು. ಎಚ್ಚರಿಕೆಯ ಫಲಕಗಳು ಇಂಗ್ಲಿಷಿನಲ್ಲಿದ್ದವು, ಓದಲು ಬಾರದವರಿಗೆ ಅದರಿಂದ ಏನು ಪ್ರಯೋಜನ? 1957ರ ಮೇ ತಿಂಗಳಲ್ಲಿ ಒಂದು ಕುಟುಂಬ ಬಾಂಬ್ ಸಿಡಿದ ಗುಂಡಿಯ ಬಳಿಯೇ ಬೀಡುಬಿಟ್ಟಿದ್ದು ಸೈನಿಕರಿಗೆ ಕಂಡುಬಂತು. ಆ ತಾಯಿ ಆಗ ಗರ್ಭಿಣಿ. ಮಗು ಸತ್ತೇ ಹುಟ್ಟಿತು.

1953ರ ಅಕ್ಟೋಬರ್ 15ರ ಎಮು ಫೀಲ್ಡ್ ಸ್ಫೋಟದ ನಂತರ ಕಪ್ಪು ಮಂಜಿನಂಥದ್ದು ತಮ್ಮ ಬಿಡಾರದ ಮೇಲೆ ತೇಲಿಬಂತು ಎಂದು ಯಾಮಿ ಲೆಸ್ಟರ್ ಎಂಬವರು ಹೇಳಿದರು. ಆಗ ಅವರು ಚಿಕ್ಕ ಹುಡುಗ. ಹಿರಿಯರು, ಮಕ್ಕಳು ವಾಂತಿ ಮಾಡಿದರು, ಕಣ್ಣು ಉರಿಯಿತು. ಮುಂದೆ ಯಾಮಿ ಪೂರ್ತಿ ಕುರುಡರಾದರು. 1980ರ ದಶಕದಲ್ಲಿ ವಿಚಾರಣೆ ಆಗಲೇಬೇಕೆಂದು ಹಠ ಹಿಡಿದವರಲ್ಲಿ ಅವರೂ ಒಬ್ಬರು. 1984ರಲ್ಲಿ ಆಸ್ಟ್ರೇಲಿಯ ಸರ್ಕಾರ ನ್ಯಾಯಮೂರ್ತಿ ಜೇಮ್ಸ್ ಮೆಕ್ಲೆಲಂಡ್ ಅವರ ಆಯೋಗವನ್ನು ನೇಮಿಸಿತು. 1985ರ ವರದಿಯಲ್ಲಿ ಆಯೋಗ ಮೂಲನಿವಾಸಿಗಳ ಸುರಕ್ಷತೆಯಲ್ಲಿ ಆದ ಲೋಪಗಳನ್ನು ಕಟುವಾಗಿ ಖಂಡಿಸಿತು. 10 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ನೆಲವನ್ನು ಶುಚಿ ಮಾಡಿದರು. 1994ರಲ್ಲಿ ಮರಲಿಂಗಾದ ಜನರಿಗೆ 1 ಕೋಟಿ 35 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಸಿಕ್ಕಿತು. ಯಾಮಿ 2017ರಲ್ಲಿ ತೀರಿಕೊಂಡರು.

ಸಾಬೀತು ಮಾಡುವುದು ಏಕೆ ಕಷ್ಟ?

ನಮ್ಮಲ್ಲಿ ಬಿಎಸ್ಸಿ ಓದಿದವರಿಗೆ ಮೊದಲು ಬಂದ ಪ್ರಶ್ನೆ ಇದು. ಬಾಂಬ್ ಸಿಡಿದದ್ದು ನಿಜ, ಕಾಯಿಲೆ ಬಂದದ್ದು ನಿಜ. ಹಾಗಾದರೆ ಎರಡನ್ನೂ ಜೋಡಿಸಲು ಏನು ಅಡ್ಡಿ?

ಸ್ಫೋಟದಲ್ಲಿ ನೂರಾರು ಬಗೆಯ ವಿಕಿರಣಶೀಲ ಐಸೋಟೋಪುಗಳು ಹುಟ್ಟುತ್ತವೆ. ಅಯೋಡಿನ್-131ರ ಅರ್ಧಾಯು ಕೇವಲ 8 ದಿನ. ಅದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಸ್ಟ್ರಾಂಶಿಯಂ-90ಕ್ಕೆ ಸುಮಾರು 29 ವರ್ಷ. ಸ್ಟ್ರಾಂಶಿಯಂ ಕ್ಯಾಲ್ಸಿಯಂನಂತೆ ವರ್ತಿಸುವುದರಿಂದ ಎಲುಬಿನಲ್ಲಿ ಕೂರುತ್ತದೆ. ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷಕ್ಕೂ ಹೆಚ್ಚು. ಮೈಮೇಲಿನ ಬಿಲ್ಲೆ ಹೊರಗಿನಿಂದ ಬೀಳುವ ಕಿರಣಗಳನ್ನು ಮಾತ್ರ ಅಳೆಯುತ್ತದೆ. ಉಸಿರಿನಲ್ಲಿ, ಊಟದಲ್ಲಿ, ನೀರಿನಲ್ಲಿ ಒಳಗೆ ಹೋದ ಕಣವನ್ನು ಅದು ಕಾಣದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ವಿಕಿರಣದಿಂದ ಬಂದ ಕ್ಯಾನ್ಸರಿನ ಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಬೀಡಿ ಸೇದಿ ಬಂದದ್ದು, ವಯಸ್ಸಾಗಿ ಬಂದದ್ದು, ವಿಕಿರಣದಿಂದ ಬಂದದ್ದು ಎಲ್ಲವೂ ಒಂದೇ ಥರ ಕಾಣುತ್ತವೆ. ಅದೂ 20, 30 ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಒಂದು ಗುಂಪಿನಲ್ಲಿ ಕಾಯಿಲೆ ಹೆಚ್ಚಿದೆಯೇ ಎಂದು ಅಂಕಿಅಂಶದಿಂದ ಹೇಳಬಹುದು. ಆದರೆ 'ಈ ಮನುಷ್ಯನಿಗೆ ಬಂದ ಈ ಕಾಯಿಲೆ ಆ ಬಾಂಬಿನಿಂದಲೇ' ಎಂದು ಹೇಳುವುದು ಬಹುತೇಕ ಅಸಾಧ್ಯ. ನ್ಯಾಯಾಲಯ ಕೇಳುವುದು ಅದನ್ನೇ.

ಅಧ್ಯಯನಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ವಿಕಿರಣ ರಕ್ಷಣಾ ಮಂಡಳಿಯ ಅಧ್ಯಯನಗಳು ಈ ಸೈನಿಕರಲ್ಲಿ ಒಟ್ಟು ಸಾವಿನ ಪ್ರಮಾಣ ಹೆಚ್ಚಿಲ್ಲ, ರಕ್ತದ ಕ್ಯಾನ್ಸರ್ ಮಾತ್ರ ಸ್ವಲ್ಪ ಹೆಚ್ಚಿರಬಹುದು ಎಂದವು. 2007ರಲ್ಲಿ ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದವರು ಗ್ರ್ಯಾಪಲ್ ಪರೀಕ್ಷೆಗೆ ಹೋಗಿದ್ದ ತಮ್ಮ ದೇಶದ 50 ನಾವಿಕರ ರಕ್ತವನ್ನು, ಹೋಗದ 50 ಮಂದಿಯ ರಕ್ತದೊಂದಿಗೆ ಹೋಲಿಸಿದರು. ವರ್ಣತಂತುಗಳ ತುಂಡುಗಳು ಸ್ಥಾನ ಬದಲಿಸಿದ ದೋಷ ಹೋಗದವರಲ್ಲಿ 1,000 ಜೀವಕೋಶಗಳಿಗೆ ಸುಮಾರು 10 ಇದ್ದರೆ, ಹೋದವರಲ್ಲಿ 29 ಇತ್ತು. ಈ ಫಲಿತಾಂಶ ಸೈನಿಕರಿಗೆ ದೊಡ್ಡ ಧೈರ್ಯ ಕೊಟ್ಟಿತು. ಆದರೆ 2022ರಲ್ಲಿ ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಆನುವಂಶಿಕ ಅಧ್ಯಯನದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಮ್ಮ ಮಕ್ಕಳು ಮೊಮ್ಮಕ್ಕಳಿಗೂ ತೊಂದರೆ ಆಗಿದೆ ಎಂಬ ಸೈನಿಕರ ಸಂಕಟಕ್ಕೆ ವಿಜ್ಞಾನ ಇನ್ನೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಪುರಾವೆ ಇಲ್ಲ ಎಂದು ಹೇಳುವವರ ಕೈಯಲ್ಲೇ ಪುರಾವೆಯ ಬೀಗದ ಕೈ ಇತ್ತು. ಯಾರಿಗೆ ಬಿಲ್ಲೆ ಕೊಡಬೇಕು, ಯಾರ ರಕ್ತ ಪರೀಕ್ಷಿಸಬೇಕು, ಯಾವ ಕಡತವನ್ನು ಗುಟ್ಟಾಗಿಡಬೇಕು ಎಂದು ನಿರ್ಧರಿಸಿದ್ದು ಸರ್ಕಾರ. ಅಳತೆ ಮಾಡದೆ ಬಿಟ್ಟದ್ದನ್ನು 50 ವರ್ಷಗಳ ನಂತರ ಅಳೆದು ತೋರಿಸು ಎಂದು ಸೈನಿಕನನ್ನು ಕೇಳಿದರೆ ಅವನು ಎಲ್ಲಿಂದ ತರಬೇಕು?

ಕೂದಲೆಳೆಯಲ್ಲಿ ಸೋತ ಮೊಕದ್ದಮೆಗಳು

ಕ್ರಿಸ್ಮಸ್ ದ್ವೀಪದಲ್ಲಿ ದುಡಿದಿದ್ದ ಕೆನ್ ಮೆಕ್‌ಗಿನ್ಲಿ ಎಂಬ ಸ್ಕಾಟ್ಲೆಂಡಿನ ಸೈನಿಕ 1983ರಲ್ಲಿ ಬ್ರಿಟಿಷ್ ಪರಮಾಣು ಪರೀಕ್ಷಾ ಸೈನಿಕರ ಸಂಘವನ್ನು ಕಟ್ಟಿದರು. ಅಲ್ಲಿಯವರೆಗೆ ಒಬ್ಬೊಬ್ಬರೇ ನರಳುತ್ತಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂದು ಗೊತ್ತಾಯಿತು. ಕೆಲವರು ಪಿಂಚಣಿ ನ್ಯಾಯಮಂಡಳಿಯಲ್ಲಿ ಗೆದ್ದರು. ದೊಡ್ಡ ಮೊಕದ್ದಮೆಗಳು ಮಾತ್ರ ಗೆಲ್ಲಲಿಲ್ಲ.

ತಮ್ಮ ವೈದ್ಯಕೀಯ ದಾಖಲೆ ಕೊಡಲಿಲ್ಲವೆಂದು ಮೆಕ್‌ಗಿನ್ಲಿ ಮತ್ತು ಇನ್ನೊಬ್ಬರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ಐದು ನಾಲ್ಕರ ಅಂತರದಿಂದ ಸೋತರು. ಸಾವಿರಕ್ಕೂ ಹೆಚ್ಚು ಸೈನಿಕರು ಒಟ್ಟಾಗಿ ಹೂಡಿದ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಮಾರ್ಚ್‌ನಲ್ಲಿ ನಾಲ್ಕು ಮೂರರ ಅಂತರದಿಂದ ತೀರ್ಪು ಅವರ ವಿರುದ್ಧ ಬಂತು. ದೂರು ಕೊಡಬೇಕಾದ ಕಾಲ ಮೀರಿದೆ, ಕಾಯಿಲೆಗೆ ಕಾರಣ ಸಾಬೀತಾಗುವ ಸಾಧ್ಯತೆಯೂ ಕಾಣುವುದಿಲ್ಲ ಎಂದು ಬಹುಮತದ ನ್ಯಾಯಾಧೀಶರು ಹೇಳಿದರು. ಎರಡೂ ಕಡೆ ಒಬ್ಬರೇ ಒಬ್ಬ ನ್ಯಾಯಾಧೀಶರ ಅಭಿಪ್ರಾಯ ಬದಲಾಗಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಸೈನಿಕರು ಇಂಥ ಪರೀಕ್ಷೆಗಳಲ್ಲಿದ್ದರು. ತಾವು ಕಂಡದ್ದನ್ನು ಹೆಂಡತಿ ಮಕ್ಕಳಿಗೂ ಹೇಳಬಾರದೆಂಬ ಗೌಪ್ಯತೆಯ ಕಟ್ಟು 1996ರಲ್ಲಷ್ಟೇ ಸಡಿಲವಾಯಿತು. ಆದರೂ 1988ರಲ್ಲೇ ಆ ದೇಶ ಒಂದು ಕಾನೂನು ಮಾಡಿತ್ತು. ಪರೀಕ್ಷೆಯಲ್ಲಿ ಇದ್ದುದಕ್ಕೆ ದಾಖಲೆ ಇದ್ದು, ಪಟ್ಟಿಯಲ್ಲಿರುವ ಕ್ಯಾನ್ಸರುಗಳಲ್ಲಿ ಒಂದು ಬಂದರೆ ಸಾಕು, ವಿಕಿರಣವೇ ಕಾರಣ ಎಂದು ಸರ್ಕಾರ ಒಪ್ಪಿಕೊಳ್ಳುತ್ತದೆ. 1990ರ ಇನ್ನೊಂದು ಕಾನೂನು ಪರೀಕ್ಷಾ ಸ್ಥಳದ ಗಾಳಿಯ ದಿಕ್ಕಿನಲ್ಲಿದ್ದ ಊರಿನವರಿಗೂ ಯುರೇನಿಯಂ ಗಣಿ ಕಾರ್ಮಿಕರಿಗೂ ಪರಿಹಾರ ಕೊಟ್ಟಿತು. 1945ರಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಸಿಡಿದ ನ್ಯೂ ಮೆಕ್ಸಿಕೊದ ಜನರು ಮಾತ್ರ ಅದರಲ್ಲಿ ಸೇರಲು 2025ರವರೆಗೆ ಕಾಯಬೇಕಾಯಿತು. ಪಾಲಿನೇಶಿಯ ಮತ್ತು ಅಲ್ಜೀರಿಯದಲ್ಲಿ ಬಾಂಬ್ ಸಿಡಿಸಿದ್ದ ಫ್ರಾನ್ಸ್ 2010ರಲ್ಲಿ ಪರಿಹಾರದ ಕಾನೂನು ತಂದಿತು. ಆಸ್ಟ್ರೇಲಿಯ 2017ರಲ್ಲಿ ತನ್ನ ಪರೀಕ್ಷಾ ಸೈನಿಕರಿಗೆ ಪೂರ್ಣ ಉಚಿತ ಚಿಕಿತ್ಸೆಯ ಕಾರ್ಡ್ ಕೊಟ್ಟಿತು.

ನಮ್ಮ ಮನಸ್ಸಿಗೆ ಬಹಳ ತಟ್ಟಿದ್ದು ಫಿಜಿಯ ಕಥೆ. ಸುಮಾರು 300 ಫಿಜಿ ಸೈನಿಕರು ಗ್ರ್ಯಾಪಲ್ ಪರೀಕ್ಷೆಗೆ ಹೋಗಿದ್ದರು. ಅವರಲ್ಲಿ ಒಬ್ಬರಾಗಿದ್ದ ರಾತು ಪೆನೈಯಾ ಗನಿಲಾವ್ ಮುಂದೆ ದೇಶದ ಅಧ್ಯಕ್ಷರಾದರು, 1993ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. 2015ರ ಜನವರಿಯಲ್ಲಿ ಆ ಪುಟ್ಟ ದೇಶದ ಪ್ರಧಾನಿ ಫ್ರಾಂಕ್ ಬೈನಿಮರಾಮ ಬದುಕುಳಿದಿದ್ದ 24 ಸೈನಿಕರನ್ನು ಕರೆಸಿದರು. ಬ್ರಿಟನ್ ಸರಿಯಾದದ್ದನ್ನು ಮಾಡುವವರೆಗೆ ಕಾಯಲು ತಾವು ಸಿದ್ಧರಿಲ್ಲ ಎಂದು ಹೇಳಿ, ಒಬ್ಬೊಬ್ಬರಿಗೆ ಸುಮಾರು 10,000 ಫಿಜಿ ಡಾಲರ್ ಕೊಡುವುದಾಗಿ ಪ್ರಕಟಿಸಿದರು. ತಪ್ಪು ಮಾಡಿದ್ದು ಶ್ರೀಮಂತ ದೇಶ, ಹಣ ಕೊಟ್ಟದ್ದು ಬಡ ದೇಶ.

ಪದಕ

ಕೊನೆಕೊನೆಗೆ ಬ್ರಿಟಿಷ್ ಸೈನಿಕರು ಕೇಳಿದ್ದು ಹಣಕ್ಕಿಂತ ಮೊದಲು ಒಂದು ಪದಕ. ಯುದ್ಧಕ್ಕೆ ಹೋದವರಿಗೆ ಪದಕ ಇದೆ, ತಮಗೇಕಿಲ್ಲ? ಈ ಸೇವೆಯಲ್ಲಿ ಪದಕಕ್ಕೆ ತಕ್ಕಷ್ಟು ಅಪಾಯವೂ ಕಷ್ಟವೂ ಇರಲಿಲ್ಲ ಎಂದು ಸಮಿತಿ ಬೇಡಿಕೆಯನ್ನು ತಳ್ಳಿಹಾಕಿತ್ತು. ಸೈನಿಕರ ಮಕ್ಕಳು, ಮೊಮ್ಮಕ್ಕಳು ಹೋರಾಟಕ್ಕೆ ಇಳಿದರು, ಸಂಸತ್ ಸದಸ್ಯರನ್ನು ಕಂಡರು, ಪತ್ರಿಕೆಗಳು ಬರೆದವು. 2022ರ ನವೆಂಬರ್ 21ರಂದು, ಮೊದಲ ಸ್ಫೋಟಕ್ಕೆ 70 ವರ್ಷ ತುಂಬಿದ ನೆನಪಿನ ಕಾರ್ಯಕ್ರಮದಲ್ಲಿ, ಪ್ರಧಾನಿ ರಿಷಿ ಸುನಕ್ ಪದಕವನ್ನು ಘೋಷಿಸಿದರು. ನಡುವೆ ಪರಮಾಣುವಿನ ಚಿತ್ರ, ಸುತ್ತ ಆಲಿವ್ ಎಲೆಗಳು. ತೀರಿಕೊಂಡವರ ಪರವಾಗಿ ಕುಟುಂಬದವರೂ ಅದನ್ನು ಪಡೆಯಬಹುದು. ಪರೀಕ್ಷೆಗಳಲ್ಲಿ ದುಡಿದ ಕಿರಿಬಾಟಿ ಮತ್ತು ಫಿಜಿಯವರಿಗೂ ಹಕ್ಕಿದೆ.

ಮುದುಕರು ಪದಕ ಹಿಡಿದು ಅತ್ತರು. ಆದರೆ ಅಲ್ಲಿಗೆ ಮುಗಿಯಲಿಲ್ಲ. ತಮ್ಮ ರಕ್ತ, ಮೂತ್ರ ಪರೀಕ್ಷೆಯ ಹಳೆಯ ದಾಖಲೆಗಳು ಬೇಕು, ಪರಿಹಾರ ಬೇಕು, ಏನಾಯಿತೆಂಬ ಸತ್ಯ ಬೇಕು ಎಂದು ಉಳಿದವರು ಇನ್ನೂ ಕೇಳುತ್ತಿದ್ದಾರೆ. ಆಗ 20 ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ.

ದೇವರ ಹೆಸರು ಹೇಳಿ ಎಬ್ಬಿಸಿದ ಜನ

ಕ್ರೈಸ್ತರಾದ ನಾವು ನೆನಪಿಡಬೇಕಾದ ಒಂದು ಭಾನುವಾರವಿದೆ. 1946ರ ಫೆಬ್ರವರಿ 10. ಪೆಸಿಫಿಕ್ಕಿನ ಮಾರ್ಷಲ್ ದ್ವೀಪಗಳಲ್ಲಿ ಬಿಕಿನಿ ಎಂಬಲ್ಲಿ ಜನ ಆರಾಧನೆ ಮುಗಿಸಿ ಹೊರಬಂದಿದ್ದರು. ಅಮೆರಿಕದ ನೌಕಾಪಡೆಯ ಅಧಿಕಾರಿ ಬೆನ್ ವ್ಯಾಟ್ ಅವರನ್ನು ಕೂರಿಸಿ, ಮನುಕುಲದ ಒಳಿತಿಗಾಗಿ, ಯುದ್ಧಗಳೇ ನಿಲ್ಲುವುದಕ್ಕಾಗಿ ಸ್ವಲ್ಪ ಕಾಲ ಊರು ಬಿಡುತ್ತೀರಾ ಎಂದು ಕೇಳಿದ. ದೇವರು ವಾಗ್ದಾನದ ನಾಡಿಗೆ ನಡೆಸಿದ ಇಸ್ರಾಯೇಲರಿಗೆ ಅವರನ್ನು ಹೋಲಿಸಿದ. ಅವರ ನಾಯಕ ಜೂಡಾ, ಎಲ್ಲವೂ ದೇವರ ಕೈಯಲ್ಲಿದೆ ಎಂಬರ್ಥದ ಉತ್ತರ ಕೊಟ್ಟು ಒಪ್ಪಿದರು. 167 ಮಂದಿ ಹೊರಟರು. ಹೋದ ದ್ವೀಪದಲ್ಲಿ ಊಟಕ್ಕೆ ಸಾಲದೆ ಹಸಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಿಕಿನಿಗೆ ಮರಳಿ ನೆಲೆಸಲಾಗಿಲ್ಲ.

ಮಾರ್ಷಲ್ ದ್ವೀಪಗಳಲ್ಲಿ 1958ರವರೆಗೆ 67 ಸ್ಫೋಟಗಳು ನಡೆದವು. 1954ರ ಮಾರ್ಚ್ 1ರ 'ಬ್ರಾವೋ' 15 ಮೆಗಾಟನ್ನಿನದು. ಅದರ ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಸುರಿಯಿತು, ಒಂದು ಜಪಾನಿ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೂ ಬಿತ್ತು. ಅವರಲ್ಲಿ ಒಬ್ಬರು ಏಳು ತಿಂಗಳೊಳಗೆ ಸತ್ತರು. ಈ ಸುದ್ದಿ ಕೇಳಿ ಅದೇ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಿರೆಂದು ಕರೆ ಕೊಟ್ಟವರು ನಮ್ಮ ಪ್ರಧಾನಿ ಜವಾಹರಲಾಲ್ ನೆಹರು. 60 ವರ್ಷಗಳ ನಂತರ, 2014ರಲ್ಲಿ, ಮಾರ್ಷಲ್ ದ್ವೀಪಗಳು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ ಪ್ರತಿವಾದಿಗಳ ಸಾಲಿನಲ್ಲಿ ಬ್ರಿಟನ್, ಪಾಕಿಸ್ತಾನದ ಜೊತೆ ಭಾರತವೂ ಇತ್ತು. ಅಣ್ವಸ್ತ್ರ ತ್ಯಜಿಸುವ ಮಾತುಕತೆಯ ಹೊಣೆಯನ್ನು ಈ ದೇಶಗಳು ಪಾಲಿಸಿಲ್ಲ ಎಂಬುದು ದೂರು. 2016ರಲ್ಲಿ ವಿಚಾರಣೆಯ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ ಹೇಳಿತು. ಭಾರತದ ವಿಷಯದಲ್ಲಿ ಒಂಬತ್ತು ಏಳರ ಅಂತರ. ಬ್ರಿಟನ್ನಿನ ವಿಷಯದಲ್ಲಿ ಎಂಟು ಎಂಟು ಆಗಿ, ಅಧ್ಯಕ್ಷರ ಮತದಿಂದ ತೀರ್ಮಾನವಾಯಿತು.

ಧರ್ಮಸಭೆ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. 1963ರ ಏಪ್ರಿಲ್‌ನಲ್ಲಿ ಜಗದ್ಗುರು 23ನೇ ಯೊವಾನ್ನರು ತಮ್ಮ ವಿಶ್ವಪತ್ರದಲ್ಲಿ, ಪರೀಕ್ಷೆಗಳೇ ಭೂಮಿಯ ಜೀವರಾಶಿಗೆ ಅಪಾಯ ತರಬಹುದು ಎಂದು ಎಚ್ಚರಿಸಿದರು. ಅದೇ ಆಗಸ್ಟ್‌ನಲ್ಲಿ ವಾತಾವರಣದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸಹಿ ಹಾಕಿದವು. ಜಗದ್ಗುರು ಫ್ರಾನ್ಸಿಸ್ 2019ರ ನವೆಂಬರ್‌ನಲ್ಲಿ ಹಿರೋಶಿಮಾದಲ್ಲಿ ನಿಂತು, ಅಣ್ವಸ್ತ್ರ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದರು. 2017ರ ಅಣ್ವಸ್ತ್ರ ನಿಷೇಧ ಒಪ್ಪಂದವನ್ನು ಮೊದಲ ದಿನವೇ ಅನುಮೋದಿಸಿದವರಲ್ಲಿ ವ್ಯಾಟಿಕನ್ ಇತ್ತು. ಪರೀಕ್ಷೆಗಳಿಂದ ನೊಂದವರಿಗೆ ನೆರವು ಕೊಡಬೇಕು, ಕೆಟ್ಟ ನೆಲವನ್ನು ಸರಿಪಡಿಸಬೇಕು ಎಂದು ಆ ಒಪ್ಪಂದವೇ ಹೇಳುತ್ತದೆ. ಈ ಕೆಲಸದ ಮುಂದಾಳುಗಳು ಯಾರು ಗೊತ್ತೇ? ಸೋವಿಯತ್ ಸ್ಫೋಟಗಳನ್ನು ಅನುಭವಿಸಿದ ಕಜಾಕಸ್ತಾನ ಮತ್ತು ಕ್ರಿಸ್ಮಸ್ ದ್ವೀಪವಿರುವ ಅದೇ ಕಿರಿಬಾಟಿ. 2023ರಲ್ಲಿ ಈ ಎರಡು ದೇಶಗಳು ನೊಂದವರ ನೆರವಿಗಾಗಿ ವಿಶ್ವಸಂಸ್ಥೆಯಲ್ಲಿ ನಿರ್ಣಯ ತಂದಾಗ ಬಹುಪಾಲು ದೇಶಗಳು ಕೈ ಎತ್ತಿದವು. ವಿರೋಧಿಸಿದ್ದು ಬ್ರಿಟನ್, ಫ್ರಾನ್ಸ್, ರಷ್ಯಾ ಮತ್ತು ಉತ್ತರ ಕೊರಿಯ.

ನಮ್ಮ ಅಂಗಳದಲ್ಲಿ

ಕಾಸರಗೋಡಿನವರಾದ ನಮಗೆ 'ಪುರಾವೆ ಎಲ್ಲಿ?' ಎಂಬ ಪ್ರಶ್ನೆ ಹೊಸದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವನ್ನು ನಮ್ಮ ಅಪ್ಪ ಅಮ್ಮಂದಿರು ಕಂಡಿದ್ದಾರೆ. ವಿಷ ಬೇರೆ, ವಿಕಿರಣ ಬೇರೆ, ಎರಡನ್ನೂ ಒಂದೇ ಎನ್ನಲಾಗದು. ಆದರೆ ಪಟ್ಟಿಯಲ್ಲಿ ಹೆಸರು ಬರಲು, ಶಿಬಿರದಲ್ಲಿ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ತಾಯಂದಿರು ಕೇಳಿಸಿಕೊಂಡ ಪ್ರಶ್ನೆ ಕ್ರಿಸ್ಮಸ್ ದ್ವೀಪದ ಸೈನಿಕ ಕೇಳಿಸಿಕೊಂಡದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. 2022ರಲ್ಲಿ ಮತ್ತೆ ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ ಮಾತ್ರ ಎಂದು ತಿಳಿದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ತೀರ್ಪು ಬಂದ ಮೇಲೂ ಬಾಗಿಲು ತಟ್ಟುತ್ತಿರಬೇಕು ಎಂದು ನಾವು ಕಲಿತದ್ದು ಹೀಗೆ. ಸುವಾರ್ತೆಯಲ್ಲಿ ಯೇಸು ಹೇಳಿದ ಆ ವಿಧವೆಯ ಕಥೆ ನಿಮಗೆ ನೆನಪಾಗಬಹುದು. ದೇವರಿಗೂ ಹೆದರದ ನ್ಯಾಯಾಧೀಶನ ಬಾಗಿಲನ್ನು ಅವಳು ಮತ್ತೆ ಮತ್ತೆ ತಟ್ಟಿದಳು.

ನಮ್ಮಿಂದ ಏನಾಗುತ್ತದೆ? ದೊಡ್ಡದೇನೂ ಬೇಡ. ನಮ್ಮ ಊರುಗಳಲ್ಲಿ ಸೇನೆಯಲ್ಲಿದ್ದ ಅಜ್ಜಂದಿರಿದ್ದಾರೆ, ಗೇರು ತೋಟದಲ್ಲಿ ದುಡಿದ ಅಜ್ಜಿಯಂದಿರಿದ್ದಾರೆ. ಅವರು ಕಂಡದ್ದನ್ನು ಯಾರೂ ಬರೆದಿಟ್ಟಿಲ್ಲ. ಬ್ರಿಟಿಷ್ ಸೈನಿಕರಿಗೆ ಕೊನೆಗೂ ಪದಕ ಸಿಕ್ಕಿದ್ದರೆ ಅದಕ್ಕೆ ಒಂದು ಕಾರಣ, ಅವರು ತಮ್ಮ ನೆನಪುಗಳನ್ನು ಹೇಳುತ್ತಲೇ ಇದ್ದದ್ದು, ಮಕ್ಕಳು ಅದನ್ನು ಬರೆದಿಟ್ಟದ್ದು. ಮುಂದಿನ ರಜೆಯಲ್ಲಿ ಯುವಕೂಟದವರು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಿ ಹಿರಿಯರ ಮಾತುಗಳನ್ನು, ತಾರೀಕು ಹಾಗೂ ಸ್ಥಳದ ಸಮೇತ ಬರೆದುಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಯಾರ ಮನೆಯಲ್ಲಿ ಹಳೆಯ ಚೀಟಿ, ಪಾಸ್‌ಬುಕ್, ಆಸ್ಪತ್ರೆಯ ಕಾಗದ ಇದ್ದರೂ ದಯವಿಟ್ಟು ಬಿಸಾಡಬೇಡಿ.

ಆ ರಸಪ್ರಶ್ನೆಯಲ್ಲಿ "ಕ್ರಿಸ್ಮಸ್ ದ್ವೀಪ ಎಲ್ಲಿದೆ?" ಎಂಬ ಪ್ರಶ್ನೆಯನ್ನು ನಾವು ಕೇಳಿಯೇಬಿಟ್ಟೆವು. ಸರಿ ಉತ್ತರ ಕೊಟ್ಟದ್ದು ಏಳನೇ ತರಗತಿಯ ಒಬ್ಬ ಹುಡುಗಿ. ಬಹುಮಾನ ತೆಗೆದುಕೊಂಡು ಹೋಗುತ್ತಾ, "ಅಲ್ಲಿ ಏನಿದೆ ಅಕ್ಕಾ?" ಎಂದು ಕೇಳಿದಳು. ಆ ದಿನ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಬರಹ ಅವಳಿಗೆ.